ಫೋರ್ಸೆಪ್ಸ್ ಹಾಕಿ ಹೆರಿಗೆ ಮಾಡ್ಸೋದು ಸೇಫಾ? ಮೊದಲನೇದು, ತುಂಬಾ ಭಯ ಆಗ್ತೈತೆ

ಮೊದಲಬಸುರಿ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಂಗೆ 36 ವಾರ ತುಂಬಿ 37ಕ್ಕೆ ಬಿದ್ದೈತೆ, ಮೊದಲನೇದು. ಗಂಡನ ಮನೆ ಮಾಯಕೊಂಡದ ಹತ್ರ ಹಳ್ಳಿ, ಕುಬಸ ಮುಗಿಸ್ಕೊಂಡು ತವರಿಗೆ ಬಂದೀನಿ, ಈಗ ದಾವಣಗೆರೇಲಿ ಅಮ್ಮನ ಹತ್ರಾನೇ ಇದೀನಿ. ಬಿಪಿ ಶುಗರ್ ಎಲ್ಲ ಸರಿ ಐತೆ, ಎಚ್‌ಬಿ 10.8, ಮಗು ತಲೆ ಕೆಳಗೈತೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದೈತೆ.

ಭಯ ಯಾಕಂದ್ರೆ ಹೋದ ವರ್ಷ ನಮ್ಮ ನಾದಿನಿಗೆ ಫೋರ್ಸೆಪ್ಸ್ ಅಂದ್ರೆ ಇಕ್ಕಳ ಹಾಕಿ ಮಗು ತೆಗೆದ್ರು. ಮಾರನೇ ದಿನ ನೋಡಕ್ಕೆ ಹೋದಾಗ ಮಗೂನ ನನ್ನ ಕೈಗೇ ಕೊಟ್ರು, ಟೋಪಿ ಸರಿಸಿ ನೋಡಿದ್ರೆ ಎರಡೂ ಕಿವಿ ಮುಂದೆ ಕೆನ್ನೆವರೆಗೆ ಬಳೆ ಒತ್ತಿದಂಗೆ ಕೆಂಪಗೆ ಬಾಗಿರೋ ಗುರುತು. ಅವತ್ತಿಂದ ಆ ಗುರುತು ಕಣ್ಣಿಂದ ಹೋಗಿಲ್ಲ. ಅತ್ತೆ ಅಲ್ಲೇ ಅಂದುಬಿಟ್ರು, ಇಕ್ಕಳ ಹಾಕಿ ಎಳೆದ ಮಕ್ಕಳು ಮಂಕಾಗ್ತಾವೆ, ನಮ್ಮೂರಾಗೆ ಹಂಗಾಗಿ ಒಂದು ಐತೆ ಅಂತ. ಆ ಮಗೂಗೆ ಈಗ 11 ತಿಂಗಳು, ಗೋಡೆ ಹಿಡ್ಕೊಂಡು ನಿಲ್ತೈತೆ, ಕರೆದ್ರೆ ತಿರುಗಿ ನಗ್ತೈತೆ, ಏನೂ ಆಗಿಲ್ಲ. ಆದ್ರೂ ಮನಸ್ಸು ಕೇಳಲ್ಲ.

ಹೋದ ವಾರ ಚೆಕಪ್‌ನಲ್ಲಿ ಡಾಕ್ಟ್ರು ನಾರ್ಮಲ್‌ಗೇ ಟ್ರೈ ಮಾಡೋಣಮ್ಮ, ಕೊನೇಲಿ ಬೇಕಾದ್ರೆ ವ್ಯಾಕ್ಯೂಮೋ ಫೋರ್ಸೆಪ್ಸೋ ಹಾಕ್ಬೇಕಾಗಬಹುದು ಅಂದ್ರು. ಹೊರಗೆ ಬೆಂಚ್ ತುಂಬ ಜನ ಕೂತಿದ್ರು, ಹೆಚ್ಚಿಗೆ ಕೇಳಕ್ಕೆ ನಂಗೆ ಸಂಕೋಚ ಆಯ್ತು, ಸರಿ ಮೇಡಂ ಅಂತ ಎದ್ದು ಬಂದೆ. ಈಗ ರಾತ್ರಿ ಎಲ್ಲ ಅದೇ ಯೋಚನೆ. ಅತ್ತೆ ದಿನಾ ಫೋನ್ ಮಾಡಿ ಸೀದಾ ಆಪರೇಷನ್ ಮಾಡ್ಸಿಬಿಡು ಅಂತಾರೆ, ಅಮ್ಮ ನಾರ್ಮಲ್ ಆದ್ರೆ ಬೇಗ ಎದ್ದು ಓಡಾಡ್ತೀಯ ಅಂತಾರೆ. ನಿಜವಾಗ್ಲೂ ಮಗು ತಲೆಗೆ ಏನಾದ್ರೂ ಆಗುತ್ತಾ? ಫೋರ್ಸೆಪ್ಸ್ ಬೇಡ ಅಂತ ಮೊದಲೇ ಬರೆದು ಕೊಡಬಹುದಾ? ಗೊತ್ತಿರೋರು, ಹಾಕಿಸ್ಕೊಂಡೋರು ದಯವಿಟ್ಟು ಹೇಳಿ.

ಹೊಳಲ್ಕೆರೆ_ಅಮ್ಮ:

ತಂಗಿ ಮೊದಲು ಆ ಮಂಕು ಅನ್ನೋ ಮಾತು ತಲೆಯಿಂದ ತೆಗೆದುಹಾಕು. ನನ್ನ ಮಗ ಫೋರ್ಸೆಪ್ಸ್ ಮಗೂನೇ, ಈಗ ನಾಲ್ಕನೇ ಕ್ಲಾಸು, ಮಗ್ಗಿ ಎಲ್ಲ ನಿದ್ದೆಗಣ್ಣಲ್ಲೂ ಹೇಳ್ತಾನೆ.

ಆದ್ರೆ ನಿನ್ ಹತ್ರ ಸುಳ್ಳು ಹೇಳಲ್ಲ, ಅವನು ಹುಟ್ಟಿದಾಗ ನಾನೂ ಹೆದರಿದ್ದೆ. ಅತ್ತಾಗ ಬಾಯಿ ಒಂದು ಕಡೆಗೇ ಎಳೀತಿತ್ತು, ಎಡಗಣ್ಣು ಪೂರ್ತಿ ಮುಚ್ತಿರಲಿಲ್ಲ, ಮಲಗಿದ್ರೂ ಸಣ್ಣ ಬಿರುಕಿನಷ್ಟು ತೆರೆದೇ ಇರೋದು. ಮಕ್ಕಳ ಡಾಕ್ಟ್ರು ನೋಡಿ, ಮುಖದ ನರ ಕಿವಿ ಮುಂದೇನೇ ಹಾದು ಹೋಗುತ್ತೆ, ಅದಕ್ಕೆ ಒತ್ತು ಬಿದ್ದಿದೆ, ಬಹುತೇಕ ಮಕ್ಕಳಿಗೆ ತಾನಾಗೇ ಸರಿ ಹೋಗುತ್ತೆ ಅಂದ್ರು. ಕಣ್ಣು ಒಣಗಬಾರದು ಅಂತ ಡ್ರಾಪ್ಸ್ ಕೊಟ್ರು. ನಮ್ಮವ್ವ ದಿನಾ ತೊಡೆ ಮೇಲೆ ಹಾಕ್ಕೊಂಡು ಕಣ್ಣನ್ನೇ ನೋಡ್ತಾ ಕೂರೋಳು. ಮೂರನೇ ವಾರ ಒಂದಿನ ನೀರು ಹಾಕಿ ಮಲಗಿಸಿದ್ವಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಮಲಗಿದ್ದ. ನಮ್ಮವ್ವ ಅತ್ತೇಬಿಟ್ಲು. ಕೆನ್ನೆ ಮೇಲಿನ ಗುರುತಂತೂ ಎರಡೇ ದಿನಕ್ಕೆ ಹೋಗಿತ್ತು.

ನನಗೆ ಯಾಕೆ ಹಾಕಿದ್ರು ಅಂದ್ರೆ ಎರಡು ಗಂಟೆ ಮೇಲೆ ಮುಕ್ಕಿ ಮುಕ್ಕಿ ನನ್ನ ಕೈಲಿ ಆಗ್ತಿರಲಿಲ್ಲ, ಅಷ್ಟರಲ್ಲಿ ಮಗು ಹಾರ್ಟ್‌ಬೀಟ್ ಇಳೀತು. ಆಗ ಯೋಚನೆ ಮಾಡೋ ಸ್ಥಿತೀಲಿ ನಾನಿರಲಿಲ್ಲ, ಬೇಗ ತೆಗೀರಿ ಅಂತ ನಾನೇ ಕೈ ಮುಗಿದೆ.

ಲೇಬರ್‌ವಾರ್ಡ್_ಸಿಸ್ಟರ್:

ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೇಲಿ ನರ್ಸ್, ಹೆರಿಗೆ ವಾರ್ಡಲ್ಲೇ 14 ವರ್ಷ ಆಯ್ತು. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಇಕ್ಕಳ ಅನ್ನೋ ಹೆಸರೇ ಅರ್ಧ ಭಯ ಹುಟ್ಟಿಸೋದು. ಅಡುಗೆಮನೆ ಇಕ್ಕಳ ಪಾತ್ರೆ ಅಂಚನ್ನ ಕಚ್ಚಿ ಹಿಡಿಯುತ್ತೆ, ಇದು ಹಂಗಲ್ಲ. ಎರಡು ಬೇರೆ ಬೇರೆ ತುಂಡು, ಒಂದೊಂದೂ ನಡುವೆ ತೂತಿರೋ ಸೌಟಿನ ತರ, ಮಗು ತಲೆ ದುಂಡಗಿದ್ದಂಗೆ ಒಳಗಡೆ ಬಾಗಿರುತ್ತೆ. ಎಡಗಡೆದು ಮೊದಲು, ಆಮೇಲೆ ಬಲಗಡೆದು. ಡಾಕ್ಟ್ರು ಒಂದು ಕೈ ಒಳಗಿಟ್ಟು ಅಮ್ಮನ ಮೈಗೆ ತಾಗದ ಹಾಗೆ ಆ ಕೈ ಮೇಲೇ ಜಾರಿಸಿ ಕೂರಿಸ್ತಾರೆ. ಸರಿಯಾಗಿ ಕೂತಿದ್ರೆ ಎರಡು ಹಿಡಿ ತಾವಾಗೇ ಬಂದು ಒಂದಕ್ಕೊಂದು ಸೇರ್ಕೊಳ್ತವೆ, ಒತ್ತೋದೇ ಬೇಡ. ಸೇರ್ತಿಲ್ಲ ಅಂದ್ರೆ ತಲೆ ನಾವಂದ್ಕೊಂಡ ಕಡೆಗೆ ತಿರುಗಿಲ್ಲ ಅಂತ ಅರ್ಥ, ಬಲವಂತ ಮಾಡಬಾರದು, ತೆಗೆದು ಮತ್ತೆ ಪರೀಕ್ಷೆ ಮಾಡಬೇಕು. ಒಳ್ಳೆ ಡಾಕ್ಟರ್ ಯಾರು ಅಂತ ನಾನು ಅಲ್ಲೇ ಕಂಡುಹಿಡೀತೀನಿ, ಸೇರದೇ ಇದ್ದಾಗ ಕೈ ವಾಪಸ್ ತಗೊಳ್ಳೋರು. ಎಳೆಯೋದೂ ನೋವು ಬಂದಾಗ ಮಾತ್ರ, ತಾಯಿ ಮುಕ್ಕೋದೂ ಇವರು ಎಳೆಯೋದೂ ಒಟ್ಟಿಗೆ ಆಗಬೇಕು, ನೋವು ಹೋದ್ರೆ ಕೈ ನಿಲ್ಲಿಸ್ತಾರೆ. ಪ್ರತಿ ಸಲಕ್ಕೂ ತಲೆ ಸ್ವಲ್ಪ ಸ್ವಲ್ಪ ಕೆಳಗೆ ಬರಬೇಕು. ಮೂರು ಸಲಕ್ಕೂ ಬರಲ್ಲ ಅಂದ್ರೆ ಅಲ್ಲಿಗೇ ಬಿಟ್ಟು ಆಪರೇಷನ್‌ಗೆ ಹೋಗಬೇಕು.

ಹಾಕೋಕೆ ಮುಂಚೆ ಏನೇನಿರಬೇಕು ಅನ್ನೋದು ಮುಖ್ಯ. ಗರ್ಭಕೋಶದ ಬಾಯಿ ಪೂರ್ತಿ ಅಂದ್ರೆ 10 ಸೆಂಟಿಮೀಟರ್ ತೆರೆದಿರಬೇಕು, ನೀರು ಒಡೆದಿರಬೇಕು, ತಲೆ ಚೆನ್ನಾಗಿ ಇಳಿದಿರಬೇಕು, ಯಾವ ಕಡೆ ತಿರುಗಿದೆ ಅಂತ ಖಚಿತವಾಗಿರಬೇಕು, ಮೂತ್ರಚೀಲ ಖಾಲಿ ಮಾಡಿರಬೇಕು, ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಆಗಿರಬೇಕು, ಆಗ್ಲಿಲ್ಲ ಅಂದ್ರೆ ತಕ್ಷಣ ಆಪರೇಷನ್ ಮಾಡೋಕೆ ಥಿಯೇಟರ್ ಸಿಗಬೇಕು. ಇಷ್ಟಿದ್ದು ಕೈ ಪಳಗಿದವರು ಹಾಕಿದ್ರೆ ಅದು ಅಪಾಯದಿಂದ ಮಗೂನ ಹೊರಗೆ ತರೋ ದಾರಿ. ಇದರಲ್ಲಿ ಒಂದು ಬಿಟ್ಟು ಹೋದ್ರೂ ಅದೇ ಅಪಾಯ. ನಿಮ್ಮತ್ತೆ ಕಾಲದ ಮಾತನ್ನ ನಾನು ಪೂರ್ತಿ ತಳ್ಳಿಹಾಕಲ್ಲ. ತಲೆ ಇನ್ನೂ ಮೇಲೇ ಇರುವಾಗ ಹಾಕಿ ಎಳೆಯೋ ಪದ್ಧತಿ ಹಿಂದೆ ಇತ್ತು, ಅದ್ರಿಂದ ತುಂಬ ಮಕ್ಕಳಿಗೆ ಏಟಾಗಿದ್ದು ನಿಜ, ಅದನ್ನ ಈಗ ಕೈಬಿಟ್ಟಿದಾರೆ. ಈಗ ಹೆಚ್ಚಾಗಿ ಹಾಕೋದು ನೆತ್ತಿ ಕೂದಲು ಕಾಣೋ ಹಂತದಲ್ಲಿ, ಸಣ್ಣದು, ರಿಗ್ಲೀಸ್ ಅಂತಾರೆ.

ಮಂಕಾಗೋದರ ಬಗ್ಗೆ. ಫೋರ್ಸೆಪ್ಸ್ ಹಾಕಿ ಹುಟ್ಟಿದ ಮಕ್ಕಳನ್ನ ದೊಡ್ಡವರಾದ ಮೇಲೆ ಬುದ್ಧಿ ಪರೀಕ್ಷೆ ಮಾಡಿ ನೋಡಿದಾರೆ, ಬೇರೆ ಮಕ್ಕಳಿಗಿಂತ ಹಿಂದೆ ಬಿದ್ದಿಲ್ಲ. ಮಗೂಗೆ ಉಸಿರು ಸಾಕಾಗದೆ ಒಳಗೇ ಒದ್ದಾಡಿದ್ರೆ ಮೆದುಳಿಗೆ ಪೆಟ್ಟು ಬೀಳುತ್ತೆ, ಎಷ್ಟೋ ಸಲ ಫೋರ್ಸೆಪ್ಸ್ ಹಾಕೋದೇ ಅದನ್ನ ತಪ್ಪಿಸೋಕೆ. ಊರಲ್ಲಿ ನೆನಪಲ್ಲಿ ಉಳಿಯೋದು ಮಾತ್ರ ಇಕ್ಕಳ. ತಲೆಬುರುಡೆ ಬಿರುಕು, ಒಳಗೆ ರಕ್ತಸ್ರಾವ ಇಲ್ಲವೇ ಇಲ್ಲ ಅಂತ ಹೇಳಲ್ಲ, ಇದೆ, ಆದ್ರೆ ತುಂಬಾ ಅಪರೂಪ, ತಲೆ ಒಳಗೆ ರಕ್ತಸ್ರಾವ ಆಗೋದು 10,000ಕ್ಕೆ 5ರಿಂದ 15 ಅಂತ ಇಂಗ್ಲೆಂಡಿನ ಆರ್‌ಸಿಒಜಿ ಅಂದ್ರೆ ಅಲ್ಲಿನ ಪ್ರಸೂತಿ ವೈದ್ಯರ ಕಾಲೇಜು ಹೇಳುತ್ತೆ.

ವ್ಯಾಕ್ಯೂಮ್ ಅಂದ್ರೆ ನೆತ್ತಿಗೆ ಬಟ್ಟಲು ಕಚ್ಚಿಸಿ ಎಳೆಯೋದು. ಅಮ್ಮನಿಗೆ ಹರಿಯೋದು ಅದರಲ್ಲಿ ಕಮ್ಮಿ, ಆದ್ರೆ ಕೆಲವು ಸಲ ಬಿಟ್ಕೊಂಡು ಬಂದುಬಿಡುತ್ತೆ, ಮಗು ನೆತ್ತಿ ಮೇಲೆ ರಕ್ತ ಕಟ್ಟಿ ಊದಿಕೊಳ್ಳೋದು ಅದರಲ್ಲೇ ಜಾಸ್ತಿ, 34 ವಾರಕ್ಕೆ ಮುಂಚಿನ ಮಗೂಗೆ ಹಾಕೋ ಹಂಗಿಲ್ಲ. ಯಾವುದು ಸರಿ ಅಂತ ಆ ಹೊತ್ತಿಗೆ ತಲೆ ಎಲ್ಲಿದೆ ನೋಡಿ ಹೇಳಬೇಕು, ಇವತ್ತೇ ಮನೇಲಿ ಕೂತು ತೀರ್ಮಾನ ಮಾಡೋದಲ್ಲ.

ಮೊದಲಬಸುರಿ_ದಾವಣಗೆರೆ:

ಸಿಸ್ಟರ್ ತುಂಬಾ ತುಂಬಾ ಥ್ಯಾಂಕ್ಸ್, ನಿಮ್ಮದನ್ನ ಅಮ್ಮನಿಗೂ ಓದಿ ಹೇಳಿದೆ. ಅಕ್ಕ ನಿಮ್ಮ ಮಗನ ಕಣ್ಣಿನ ವಿಷ್ಯ ಓದಿ ನಂಗೂ ಅಳು ಬಂತು. ಒಂದೇ ಡೌಟು, ಇಷ್ಟೆಲ್ಲ ಇದ್ದಮೇಲೆ ಮೊದಲೇ ಡೇಟ್ ಕೊಟ್ಟು ಆಪರೇಷನ್ ಮಾಡ್ಸಿದ್ರೆ ಎಲ್ಲ ತಪ್ಪುತ್ತಲ್ಲ, ಅತ್ತೆ ಹೇಳೋದೇ ಸರೀನಾ?

ಹೆಸರು_ಬೇಡ:

ಎರಡು ದಿನದಿಂದ ಇದನ್ನ ಓದ್ತಾ ಇದೀನಿ, ಬರೀಬೇಕೋ ಬೇಡ್ವೋ ಅಂತ. ಎಲ್ಲರೂ ಮಗು ಬಗ್ಗೆ ಹೇಳಿದಾರೆ. ನಾನು ತಾಯಿ ಬಗ್ಗೆ ಹೇಳ್ತೀನಿ.

ನಂದೂ ಫೋರ್ಸೆಪ್ಸ್, ಈಗ ಒಂದು ವರ್ಷ ಎರಡು ತಿಂಗಳು. ಮಗಳು ಚೆನ್ನಾಗಿದಾಳೆ ದೇವರ ದಯೆ. ಆದ್ರೆ ನನಗೆ ಕೆಳಗೆ ಹರೀತು, ಬರೀ ಕತ್ತರಿ ಹಾಕಿದ ಜಾಗ ಅಲ್ಲ, ಹಿಂದಿನ ಮಲದ್ವಾರದ ಸ್ನಾಯುವರೆಗೂ. ಹೊಲಿಗೆ ತುಂಬ ಹೊತ್ತು ಹಾಕಿದ್ರು, ಎಷ್ಟು ಅಂತ ಕೇಳಿದ್ರೆ ಒಳಗೆಲ್ಲ ಲೆಕ್ಕ ಇಲ್ಲಮ್ಮ ಸುಮ್ನೆ ಮಲಗು ಅಂದ್ರು. ಡಿಸ್ಚಾರ್ಜ್ ಕಾರ್ಡಲ್ಲಿ ಅದರ ಬಗ್ಗೆ ಒಂದು ಅಕ್ಷರ ಇರಲಿಲ್ಲ, ಮಗು ತೂಕ 3.4 ಕೆಜಿ ಅಂತ ಮಾತ್ರ ದಪ್ಪಗೆ ಬರೆದಿದ್ರು.

ಬಾಣಂತನಕ್ಕೆ ಚಳ್ಳಕೆರೆ ಹತ್ರ ನಮ್ಮೂರಿಗೆ ಹೋದೆ. ಹತ್ತನೇ ದಿನದಿಂದ ಗೊತ್ತಾಯ್ತು, ಗ್ಯಾಸ್ ತಡೆಯಕ್ಕೆ ಆಗ್ತಿಲ್ಲ. ಆಮೇಲೆ ಅವಸರ ಆದ್ರೆ ಬಚ್ಚಲಿಗೆ ಹೋಗೋ ಅಷ್ಟರಲ್ಲಿ ಸ್ವಲ್ಪ ಬಟ್ಟೆಗೆ ಆಗೋದು. ಯಾರಿಗೆ ಹೇಳ್ಲಿ? ಅವ್ವನಿಗೆ ಹೇಳಿದ್ರೆ ಹಸಿ ಬಾಣಂತಿ ಹಂಗೇ ಇರುತ್ತೆ, ಕಟ್ಟು ಬಿಗಿಯಾಗಿ ಕಟ್ಕೊ ಅಂದ್ಲು. ಗಂಡನಿಗೆ ಹೇಳಲೇ ಇಲ್ಲ. ಮದುವೆ ಮುಂಜಿ ಅಂದ್ರೆ ಹೊಟ್ಟೆನೋವು ಅಂತ ನೆಪ ಹೇಳಿ ಮನೇಲೇ ಉಳ್ಕೊಳ್ಳೋದು, ಬಸ್ಸಲ್ಲಿ ಹೋಗೋ ಹಿಂದಿನ ರಾತ್ರಿಯಿಂದ ಉಪವಾಸ. ಬ್ಯಾಗಲ್ಲಿ ಯಾವಾಗ್ಲೂ ಒಂದು ಜೊತೆ ಬಟ್ಟೆ, ಮಗಳ ಬಟ್ಟೆ ಕೆಳಗೆ ಬಚ್ಚಿಟ್ಟು. ಇವತ್ತಿಗೂ ಹಂಗೇ ನಡೀತಿದೆ.

ನಾನು ಫೋರ್ಸೆಪ್ಸ್ ಹಾಕಿದ್ದು ತಪ್ಪು ಅಂತ ಹೇಳ್ತಿಲ್ಲ, ಮಗಳು ಕೈಯಲ್ಲಿದಾಳೆ. ಆದ್ರೆ ಹಿಂಗೆ ಆಗಬಹುದು, ಆದ್ರೆ ಹೀಗೆ ಮಾಡು ಅಂತ ಒಬ್ಬರಾದ್ರೂ ಹೇಳಿದ್ರೆ ಒಂದು ವರ್ಷ ನಾನೊಬ್ಬಳೇ ಹಿಂಗೆ ಅಂದ್ಕೊಂಡು ಬದುಕ್ತಿರಲಿಲ್ಲ. ತಂಗಿ ನೀನು ಕೇಳು. ಎಷ್ಟು ಹರಿದಿದೆ, ಎಲ್ಲಿವರೆಗೆ ಹೊಲಿಗೆ ಹಾಕಿದೀರಿ ಅಂತ ಕೇಳಿ ಕಾರ್ಡಲ್ಲಿ ಬರೆಸ್ಕೊ.

ಲೇಬರ್‌ವಾರ್ಡ್_ಸಿಸ್ಟರ್:

ಹೆಸರು ಬೇಡ ಅಂದಿರೋ ತಂಗಿ, ನಾಳೇನೇ ಹೋಗಿ ತೋರಿಸಿ. ಇದು ಹಣೆಬರಹ ಅಲ್ಲ, ಇದಕ್ಕೆ ಚಿಕಿತ್ಸೆ ಇದೆ. ಇದನ್ನ ಮೂರನೇ ಡಿಗ್ರಿ ಹರಿದ ಗಾಯ ಅಂತಾರೆ, ಮಲದ್ವಾರದ ಒಳಗಿನ ಪದರಕ್ಕೂ ಹೋದ್ರೆ ನಾಲ್ಕನೇದು. ಯಾರೂ ಕೈ ಹಾಕದೆ ತಾನಾಗೇ ಆದ ಹೆರಿಗೇಲಿ 100ಕ್ಕೆ 3 ಜನಕ್ಕೆ, ವ್ಯಾಕ್ಯೂಮ್‌ನಲ್ಲಿ 4ರವರೆಗೆ, ಫೋರ್ಸೆಪ್ಸಲ್ಲಿ 8ರಿಂದ 12 ಜನಕ್ಕೆ ಆಗಬಹುದು ಅಂತ ಅದೇ ಆರ್‌ಸಿಒಜಿ ಲೆಕ್ಕ. ಅಂದ್ರೆ ನೀವೊಬ್ಬರೇ ಅಲ್ಲ, ನಮ್ಮ ವಾರ್ಡಲ್ಲಿ ಹಿಂದಿನ ಬೆಡ್‌ನವಳೂ ಇರಬಹುದು, ಬಾಯಿ ಬಿಡಲ್ಲ ಅಷ್ಟೆ.

ಸರಿಯಾದ ಕ್ರಮ ಏನಂದ್ರೆ, ಹೆರಿಗೆ ಆದ ಕೂಡಲೇ ಹಿಂದೆ ಬೆರಳು ಹಾಕಿ ಪರೀಕ್ಷೆ ಮಾಡಬೇಕು, ಸ್ನಾಯು ಹರಿದಿದ್ರೆ ಥಿಯೇಟರ್‌ಗೆ ಕರ್ಕೊಂಡು ಹೋಗಿ ಒಳ್ಳೆ ಬೆಳಕಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹೊಲೀಬೇಕು, ಆಮೇಲೆ ಆಂಟಿಬಯಾಟಿಕ್, ಮಲ ಮೆತ್ತಗಾಗೋ ಸಿರಪ್, ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡೋ ವ್ಯಾಯಾಮ. ಹಿಂಗೆ ಹೊಲಿಸ್ಕೊಂಡವರಲ್ಲಿ 100ಕ್ಕೆ 60ರಿಂದ 80 ಜನಕ್ಕೆ ಒಂದು ವರ್ಷದೊಳಗೆ ಯಾವ ತೊಂದರೇನೂ ಉಳಿಯಲ್ಲ. ಉಳಿದವರಿಗೂ ಸ್ಕ್ಯಾನ್ ಮಾಡಿ ನೋಡಿ ಫಿಸಿಯೋ, ಬೇಕಾದ್ರೆ ಮತ್ತೆ ಆಪರೇಷನ್ ಮಾಡ್ತಾರೆ. ಮುಂದಿನ ಸಲ ಬಸುರಾದಾಗ ಇದನ್ನ ಡಾಕ್ಟರಿಗೆ ಮೊದಲ ಚೆಕಪ್ಪಲ್ಲೇ ಹೇಳಬೇಕು, ಆಗ ಸಿಸೇರಿಯನ್ ಮಾಡೋದು ಒಳ್ಳೇದಾ ಅಂತ ಅವರು ಯೋಚಿಸ್ತಾರೆ.

ಇನ್ನೊಂದು ವಿಷಯ, ಫೋರ್ಸೆಪ್ಸ್ ವ್ಯಾಕ್ಯೂಮ್ ಆದವರಿಗೆ ಆರು ಗಂಟೆಯೊಳಗೆ ಆಂಟಿಬಯಾಟಿಕ್ ಒಂದೇ ಡೋಸ್ ಕೊಟ್ರೆ ಸೋಂಕು 100ಕ್ಕೆ 19 ಇದ್ದಿದ್ದು 11ಕ್ಕೆ ಇಳೀತು ಅಂತ 2019ರಲ್ಲಿ ಇಂಗ್ಲೆಂಡಿನ ದೊಡ್ಡ ಅಧ್ಯಯನದಲ್ಲಿ ಬಂತು. ಹೊಲಿಗೆಗೆ ಕೀವು ಆದ್ರೆ ಬಾಣಂತಿ ಕೂರಕ್ಕೂ ಆಗದೆ ಒದ್ದಾಡ್ತಾಳೆ, ಹಾಲು ಕುಡಿಸೋದೇ ಕಷ್ಟ. ಅದಕ್ಕೆ ಇದನ್ನ ಕೇಳೋದ್ರಲ್ಲಿ ತಪ್ಪಿಲ್ಲ.

ದಾವಣಗೆರೆ ತಂಗಿ, ಆಪರೇಷನ್ ಬಗ್ಗೆ ಕೇಳಿದ್ರಿ. ಕರ್ನಾಟಕದಲ್ಲಿ 100 ಹೆರಿಗೇಲಿ 31.5 ಸಿಸೇರಿಯನ್ ಇತ್ತು, 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಅದಕ್ಕಿಂತ ಹಿಂದಿನ 2015-16ರ ಸಮೀಕ್ಷೇಲಿ 23.6 ಇತ್ತು. ಬೇಕಾದವರಿಗೆ ಅದು ಜೀವ ಉಳಿಸುತ್ತೆ, ಆದ್ರೆ ಹೊಟ್ಟೆ ಕೊಯ್ದ ಗಾಯ ಮುಂದಿನ ಬಸುರಿಗೂ ಬರುತ್ತೆ, ಮಾಸು ಹಳೇ ಗಾಯಕ್ಕೆ ಅಂಟಿಕೊಂಡು ಬಿಡಲ್ಲ ಅನ್ನೋದು ಪ್ರತಿ ಆಪರೇಷನ್‌ಗೂ ಜಾಸ್ತಿ ಆಗ್ತಾ ಹೋಗುತ್ತೆ. ಫೋರ್ಸೆಪ್ಸ್ ಪ್ರಶ್ನೆ ಬರೋದೇ ಕೊನೇ ಹಂತದಲ್ಲಿ, ತಲೆ ಪೂರ್ತಿ ಕೆಳಗೆ ಇಳಿದು ಸಿಕ್ಕಿರುವಾಗ. ಆಗ ಹೊಟ್ಟೆ ಕೊಯ್ದು ಆ ತಲೇನ ಮೇಲಕ್ಕೆ ಎತ್ತಿ ತೆಗೆಯೋದೂ ಸುಲಭ ಅಲ್ಲ, ಗರ್ಭಕೋಶ ಪಕ್ಕಕ್ಕೆ ಹರಿದು ರಕ್ತ ಹೋಗಿದ್ದನ್ನ ನಾನೇ ಎಷ್ಟೋ ಸಲ ನೋಡಿದೀನಿ. ಹಾಗಾಗಿ ಫೋರ್ಸೆಪ್ಸ್ ಬೇಡವೇ ಬೇಡ ಅಂತ ಮೊದಲೇ ಬರೆದು ಕೊಟ್ಟು ಕೈ ಕಟ್ಟಬೇಡಿ. ನಿಮ್ಮ ಒಪ್ಪಿಗೆ ಇಲ್ಲದೆ ಹಾಕೋ ಹಂಗಿಲ್ಲ ಅನ್ನೋದು ನಿಜ, ಆದ್ರೆ ಒಪ್ಪಿಗೆ ಕೊಡೋ ಮುಂಚೆ ಯಾಕೆ, ಯಾರು ಹಾಕ್ತಾರೆ, ಆಗ್ಲಿಲ್ಲ ಅಂದ್ರೆ ಏನು ಅಂತ ಕೇಳಿ. ನೋವು ಶುರುವಾದ ಮೇಲೆ ಇದನ್ನ ಕೇಳೋಕೆ ಆಗಲ್ಲ, ಈ ವಾರಾನೇ ಹೋಗಿ ಕೇಳಿ, ಬೆಂಚ್ ಮೇಲೆ ಎಷ್ಟೇ ಜನ ಇರಲಿ.

ಹರಿಹರದ_ಅಪ್ಪ:

ಗಂಡಸರು ಇಲ್ಲಿ ಮಾತಾಡಬಹುದೋ ಇಲ್ವೋ ಗೊತ್ತಿಲ್ಲ, ಒಂದೇ ಮಾತು. ನಮ್ಮನೆಯವಳಿಗೆ ಹಾಕುವಾಗ ಹೊರಗೆ ಬಂದು ಒಂದು ಪೇಪರ್ ಕೊಟ್ಟು ಸೈನ್ ಹಾಕಿ ಅಂದ್ರು, ಹಾಕಿದೆ, ಏನು ಅಂತ ಓದಲೇ ಇಲ್ಲ, ಕೈ ನಡುಗ್ತಿತ್ತು. ಒಳಗೆ ಅವಳ ಜೊತೆ ನಮ್ಮವರು ಯಾರೂ ಇರಲಿಲ್ಲ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಟೈಮಲ್ಲಿ ಜೊತೆಗೆ ಒಬ್ಬ ಹೆಂಗಸನ್ನ ಬಿಡಬೇಕು ಅಂತ 2017ರಿಂದ ಲಕ್ಷ್ಯ ಅನ್ನೋ ಯೋಜನೇಲೇ ಇದೆ ಅಂತ ನಂಗೆ ಆಮೇಲೆ ಆಶಾ ಕಾರ್ಯಕರ್ತೆ ಹೇಳಿದ್ದು. ಎರಡನೇ ಸಲ ನಮ್ಮಕ್ಕ ಒಳಗಿದ್ರು, ಬೆನ್ನು ನೀವ್ತಾ, ನೀರು ಕುಡಿಸ್ತಾ, ಏನಾಗ್ತಿದೆ ಅಂತ ನರ್ಸ್‌ಗಳನ್ನ ಕೇಳ್ತಾ. ಅವಳಿಗೆ ಅದೇ ದೊಡ್ಡ ಧೈರ್ಯ ಆಯ್ತು. ನಿಮ್ಮಮ್ಮನ್ನ ಜೊತೆಗೆ ಇಟ್ಕೊಳ್ಳಿ, ಮೊದಲೇ ಹೇಳಿಡಿ. ಹಂಗೇ ನಿಮ್ಮ ಯಜಮಾನ್ರ ಹತ್ರ ಇದನ್ನೆಲ್ಲ ಮುಂಚೇನೇ ಮಾತಾಡಿ, ಆಗ ಹೊರಗಿರೋ ನಮ್ಮಂತೋರಿಗೆ ಪೇಪರ್ ಕೈಗೆ ಬಂದಾಗ ಕಣ್ಣು ಕತ್ತಲೆ ಬರಲ್ಲ.

ಲೇಬರ್‌ವಾರ್ಡ್_ಸಿಸ್ಟರ್:

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಜೊತೇಲಿ ತಮ್ಮವರು ಒಬ್ಬರು ಬಿಡದೆ ಇದ್ರೆ ವ್ಯಾಕ್ಯೂಮ್ ಫೋರ್ಸೆಪ್ಸ್ ಬೇಕಾಗೋದೇ ಕಮ್ಮಿ ಅಂತ ಅಧ್ಯಯನಗಳಲ್ಲೂ ಇದೆ.

ಮೊದಲಬಸುರಿ_ದಾವಣಗೆರೆ:

ಎಲ್ಲರಿಗೂ ಹೇಳ್ಬೇಕಿತ್ತು, ಐದು ವಾರ ಆಗೋಯ್ತು, ಒಂದು ಕೈಲಿ ಟೈಪ್ ಮಾಡ್ತಿದೀನಿ, ಇನ್ನೊಂದರಲ್ಲಿ ಮಗ ಮಲಗಿದಾನೆ. ಫೋರ್ಸೆಪ್ಸ್ ಬೇಕಾಗಲಿಲ್ಲ. ಬೆಳಗಿನ ಜಾವ ನೀರು ಹೋಯ್ತು, ಮಧ್ಯಾಹ್ನ ಎರಡೂಮುಕ್ಕಾಲಿಗೆ ಹುಟ್ಟಿದ, 2.9 ಕೆಜಿ. ಸ್ವಲ್ಪ ಹೊಲಿಗೆ ಬಿತ್ತು. ಅಮ್ಮ ಪೂರ್ತಿ ಜೊತೇಲೇ ಇದ್ಲು. ಮುಂಚಿನ ವಾರ ಡಾಕ್ಟ್ರ ಹತ್ರ ಹೋಗಿ ಚೀಟೀಲಿ ಬರ್ಕೊಂಡಿದ್ದನ್ನ ಒಂದೊಂದೇ ಓದಿ ಕೇಳಿದೆ, ಹಾಕೋದಾದ್ರೆ ನಾನೇ ಹಾಕೋದು, ಥಿಯೇಟರ್ ಪಕ್ಕದಲ್ಲೇ ಇದೆ, ಮೂರು ಸಲಕ್ಕಿಂತ ಹೆಚ್ಚು ಎಳೆಯಲ್ಲ ಅಂತ ಅವರೇ ಬಿಡಿಸಿ ಹೇಳಿದ್ರು, ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಹೊಲಿಗೆ ಹಾಕಿದ ಮೇಲೂ ಎಲ್ಲಿವರೆಗೆ ಅಂತ ಕೇಳಿದೆ ಅಕ್ಕ, ಎರಡನೇ ಡಿಗ್ರಿ, ಮಲದ್ವಾರದ ಸ್ನಾಯುವರೆಗೆ ಹೋಗಿಲ್ಲ ಅಂತ ಕಾರ್ಡಲ್ಲಿ ಬರೆದು ಕೊಟ್ರು. ಅತ್ತೆ ಮೊಮ್ಮಗನ ಕೆನ್ನೆ ಎರಡೂ ಕಡೆ ತಿರುಗಿಸಿ ನೋಡಿ ಆಮೇಲೇ ಎತ್ಕೊಂಡ್ರು.

ಹೆಸರು ಬೇಡ ಅಕ್ಕ, ನೀವು ತೋರಿಸಿದ್ರಾ? ಮಗೂಗೆ ಹಾಲು ಕುಡಿಸುವಾಗೆಲ್ಲ ನಿಮ್ಮ ನೆನಪೇ ಆಗ್ತೈತೆ.

ಹೆಸರು_ಬೇಡ:

ತುಂಬಾ ಖುಷಿ ಆಯ್ತು ತಂಗಿ, ಮಗೂಗೆ ದೃಷ್ಟಿ ತೆಗೆದುಹಾಕು.

ತೋರಿಸಿದೆ. ಸಿಸ್ಟರ್ ಬರೆದಿದ್ದನ್ನ ನಮ್ಮನೆಯವರಿಗೆ ಫೋನ್ ಕೊಟ್ಟು ಓದಿ ಅಂದೆ, ಬಾಯಲ್ಲಿ ಹೇಳಕ್ಕೆ ಆಗ್ಲಿಲ್ಲ. ಓದಿ ತುಂಬ ಹೊತ್ತು ಸುಮ್ನೆ ಕೂತಿದ್ರು, ಆಮೇಲೆ ನಾಳೆ ಅಂಗಡಿ ತೆಗೆಯಲ್ಲ ಹೋಗೋಣ ಅಂದ್ರು. ದಾವಣಗೆರೆಗೇ ಬಂದು ತೋರಿಸಿದ್ವಿ. ಲೇಡಿ ಡಾಕ್ಟ್ರು ಪರೀಕ್ಷೆ ಮಾಡಿ, ಹೊಲಿಗೆ ಒಂದು ಕಡೆ ಸರಿಯಾಗಿ ಕೂಡ್ಕೊಂಡಿಲ್ಲ, ಮೊದಲು ಮೂರು ತಿಂಗಳು ಫಿಸಿಯೋ ಮಾಡಿ ನೋಡೋಣ, ಆಮೇಲೆ ಸ್ಕ್ಯಾನ್ ಅಂದ್ರು. ದಿನಾ ಮೂರು ಹೊತ್ತು ಬಿಗಿ ಹಿಡಿದು ಹತ್ತು ಎಣಿಸಿ ಬಿಡಬೇಕು. ಮೊದಮೊದಲು ಮೂರು ಎಣಿಸೋ ಅಷ್ಟರಲ್ಲಿ ಸೋತು ಹೋಗ್ತಿತ್ತು, ನಿನ್ನೆ ಏಳಕ್ಕೆ ಬಂದೀನಿ.

ಬರೋ ಸೋಮವಾರ ಮತ್ತೆ ಬರ ಹೇಳಿದಾರೆ, ಬಸ್ಸಲ್ಲೇ ಬರ್ತೀನಿ.